ಚಿರತೆ ಪಟ ತೆಗೆದವನು ನಾನೇ

ಬುದ್ಧಿವಂತನಿಗೆ ಇಂಥವು ತಪ್ಪಿದ್ದಲ್ಲ. ಕೋಲಾರದ ಫೋಟೋ ಅಂಗಡಿಯಲ್ಲಿ ಕೆಲಸ ಕಲಿತು, ಬೈರಕೂರು ಕಡೆಯ ನಮ್ಮೂರಲ್ಲಿ ಕ್ಯಾಮೆರಾ ಹಿಡಿದ ಮೊದಲ ಗಂಡಸು ನಾನು. ಹಾಗಾಗಿ ಊರಿನ ತಾಪತ್ರಯವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

ಸಾಕ್ಷಿ

ಬೆಟ್ಟದ ಚಿರತೆ ನಮ್ಮೂರ ಮೇಕೆಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿತ್ತು. ಬೋನು ಕೇಳಲು ಮುಳಬಾಗಿಲಿಗೆ ಹೋದೆವು. ಅಮಲ್ದಾರರು ತಲೆ ಎತ್ತಲಿಲ್ಲ.

"ನಾಯಿ ಇರಬೇಕು. ಚಿರತೆ ಅಂತ ಕಣ್ಣಾರೆ ನೋಡಿದವರು ಯಾರು?"

ಮೇಕೆ ಕಳಕೊಂಡ ಗೌಡ ಕೈಮುಗಿದ. "ನಮ್ಮ ಮೇಕೆ ನೋಡ್ತು ಸ್ವಾಮಿ."

ನಾನು ಎದೆಯುಬ್ಬಿಸಿ ಮುಂದೆ ಬಂದೆ. "ಅದರ ಪಟಾನೇ ತಂದುಕೊಡ್ತೀನಿ ಸ್ವಾಮಿ."

"ತಂದ ದಿನ ಬೋನು ಕಳಿಸ್ತೀನಿ," ಅಂದರು.

ಹೊರಗೆ ಬಂದದ್ದೇ ಗೌಡ ಕೇಳಿದ: "ಚಿರತೆ ನಿನ್ನ ಅಂಗಡಿಗೆ ಬರ್ತದೇನ್ಲಾ?"

ಮೊದಲ ಪ್ಲೇಟು

ನನ್ನ ಉಪಾಯ ಬೆಂಗಳೂರಿನವರಿಗೂ ಹೊಳೆಯುವಂಥದ್ದಲ್ಲ. (ಅಂಗಡಿ ಸಾಹುಕಾರರು ಯಾವುದೋ ಇಂಗ್ಲಿಷ್ ಪತ್ರಿಕೆ ನೋಡಿ ಹೇಳಿಕೊಟ್ಟಿದ್ದರು, ಅದು ಬೇರೆ ಮಾತು.) ಚಿರತೆ ಓಡಾಡುವ ಕಾಲುದಾರಿಗೆ ಅಡ್ಡಲಾಗಿ ದಾರ, ಪೊದೆಯೊಳಗೆ ಕ್ಯಾಮೆರಾ. ದಾರ ಎಳೆದರೆ ಬಲ್ಬು ಫಳ್ಳನೆ ಹೊತ್ತಿ ಪಟ ಬೀಳುತ್ತದೆ. ಸಾಹುಕಾರರು ಕೊಟ್ಟದ್ದು ಮೂರೇ ಗಾಜಿನ ಪ್ಲೇಟು, ಒಂದಕ್ಕೆ ಒಂದೇ ಪಟ.

ಮರುದಿನ ಮೊದಲನೆಯದನ್ನು ತೊಳೆದು ನೋಡಿದೆ. ರೇಷ್ಮೆ ಸೀರೆ, ಮೂಗುತಿ, ಎಣ್ಣೆ ಹಚ್ಚಿ ಬಾಚಿದ ತಲೆ. ಪಕ್ಕದ ಮನೆ ಅಜ್ಜಿ! ಒಂದು ಕೈಯಲ್ಲಿ ದಾರ ಹಿಡಿದು ನೆಟ್ಟಗೆ ನಿಂತಿದ್ದಳು.

"ಅಜ್ಜೀ, ಅದು ಚಿರತೆಗೆ ಕಟ್ಟಿದ್ದ ದಾರ!"

"ಒರೇ ಅಬ್ಬಾಯಿ," ಅಂತ ಅಜ್ಜಿ ತನ್ನ ಮನೆಮಾತು ತೆಲುಗಿನಲ್ಲೇ ಕರೆದಳು, "ಚಿರತೆಗೆ ಬಿಟ್ಟಿ, ನನಗೆ ಕಾಸಾ?"

ಎರಡನೆಯದು

ಸುದ್ದಿ ಹಬ್ಬಿತು. ಎರಡನೆಯ ಪ್ಲೇಟಿನಲ್ಲಿ ಹೊಸ ಮದುಮಕ್ಕಳು, ಬೀಗರು, ಹಿಂದೆ ಕೊಂಬಿಗೆ ಬಣ್ಣ ಬಳಿದ ಎತ್ತು. ಬೀಗರ ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ತೆಗೆದುಕೊಡು ಅಂತ ನನ್ನ ಮೇಲೇ ಜಗಳಕ್ಕೆ ಬಂದರು!

ಉಳಿದದ್ದು ಒಂದೇ. ಅರಳಿಕಟ್ಟೆಯ ಮೇಲೆ ನಿಂತು ಸಾರಿಬಿಟ್ಟೆ: "ಆ ದಾರದ ಪಟಕ್ಕೆ ಸಿಕ್ಕವರ ಆಯಸ್ಸು ಮುಗಿದ ಹಾಗೇ ಲೆಕ್ಕ."

ಆಮೇಲೆ ಆ ಕಡೆ ಒಂದು ನರಪಿಳ್ಳೆ ಸುಳಿಯಲಿಲ್ಲ. ಬೀಗರು ಮಾತ್ರ, ಸದ್ಯ ಕಣ್ಣು ಮುಚ್ಚಿದ್ದೆನಲ್ಲ ಅಂತ ದೇವರಿಗೆ ಕಾಯಿ ಒಡೆಸಿದರು.

ಮೂರನೆಯದು

ಬಿತ್ತು ನೋಡಿ ಚಿರತೆ! ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ಅಮಲ್ದಾರರು ಪಟವನ್ನು ತಿರುಗಿಸಿ ಮುರುಗಿಸಿ ನೋಡಿ, "ನಾಯಿ ಅಲ್ಲ," ಅಂತ ಒಪ್ಪಿದರು. ಬೋನು ಗಾಡಿಯಲ್ಲಿ ಬಂತು.

ಆದರೆ ಒಳಗೆ ಕಟ್ಟಲು ಮೇಕೆ ಕೊಡುವವರೇ ಇಲ್ಲ. ಗೌಡ ಅಂದ: "ಪಟಕ್ಕೆ ಸಿಕ್ಕಿದೆ, ಅದರ ಆಯಸ್ಸು ಮುಗೀತು ಅಂತ ನೀನೇ ಹೇಳಿದೆಯಲ್ಲೋ. ಸಾಯೋದಕ್ಕೆ ಮೇಕೆ ಬೇರೆ ಯಾಕೆ?"

ಗಾಡಿಯ ಜೊತೆ ಬಂದಿದ್ದ ಜವಾನ, ಮೇಕೆ ಇಲ್ಲದಿದ್ದರೆ ಬೋನು ವಾಪಸ್ ಅಂದ. ನಾನು ಹೇಳಿದ್ದು ಸುಳ್ಳು ಅನ್ನಲು ನನ್ನ ಮರ್ಯಾದೆ ಬಿಡಲಿಲ್ಲ.

ಅಷ್ಟರಲ್ಲಿ ಅಜ್ಜಿ ಗುಂಪು ಸೀಳಿಕೊಂಡು ಬಂದಳು. "ಮೊದಲು ಪಟ ತೆಗೆಸಿಕೊಂಡವಳು ನಾನು. ಸರದಿ ಪ್ರಕಾರ ನಾನು ಹೋದಮೇಲೇ ಅದು ಹೋಗಬೇಕು. ನನಗೇನೂ ಅವಸರ ಇಲ್ಲ. ಕಟ್ರೋ ಮೇಕೆ!"

ಗೌಡ ತೆಪ್ಪಗೆ ಮೇಕೆ ತಂದು ಕಟ್ಟಿದ. ಮರುದಿನ ಬೆಳಿಗ್ಗೆ ಚಿರತೆ ಬೋನಿನಲ್ಲಿತ್ತು. ಊರೆಲ್ಲ ಮಾರು ದೂರ ನಿಂತು ನಡುಗುತ್ತಿದ್ದರೆ, ಅಜ್ಜಿ ಬೋನಿನ ಪಕ್ಕದಲ್ಲೇ ನಿಂತು ಸೆರಗು ಸರಿಮಾಡಿಕೊಂಡಳು.

"ಒರೇ, ನಮ್ಮಿಬ್ಬರದೂ ಜೊತೆಗೆ ಒಂದು ತೆಗಿ. ಅದಕ್ಕೂ ಸ್ವಲ್ಪ ನೆಟ್ಟಗೆ ಕೂರೋಕೆ ಹೇಳು."