ಸುಂಟರಗಾಳಿಯೂ ಡಬ್ಬಿ ಮೆಣಸಿನಕಾಯಿಯೂ

ದೂರದ ಊರುಗಳ ಅಪಾಯಗಳ ಬಗ್ಗೆ ಓದುವುದು ನನಗಿರುವ ಕೆಟ್ಟ ಚಟ. ಬ್ಯಾಡಗಿಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತನಾದರೂ ಅದು ಬಿಟ್ಟಿಲ್ಲ. ಜಪಾನಿನಲ್ಲಿ ಭೂಮಿ ನಡುಗಿದರೆ ಓಣಿಯಲ್ಲಿ ಮೊದಲು ತಿಳಿಯುವುದು ನನಗೆ. ನಮ್ಮ ನಲ್ಲಿಗೆ ನೀರು ಬಂದದ್ದನ್ನು ಮಾತ್ರ ಹೆಂಡತಿ ಶಾಂತಾಳೇ ಹೇಳಬೇಕು.

ಮೊನ್ನೆ ಮಾರ್ಚಿನಲ್ಲಿ ಅವಳು ಅಕ್ಕನನ್ನು ನೋಡಲು ರಾಣೆಬೆನ್ನೂರಿಗೆ ಹೊರಟಳು. ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ, ವರ್ಷದ ಖಾರದಪುಡಿಗೆಂದು ತಾನೇ ಆರಿಸಿ ತಂದ ಡಬ್ಬಿ ತಳಿಯ ಮೆಣಸಿನಕಾಯಿ ಒಣಹಾಕಿದ್ದಳು. ಗಿಡ್ಡ, ದಪ್ಪ, ಕೆಂಪಗಿನ ಕಾಯಿ. ಸಾರಿಗೆ ಅದರ ಬಣ್ಣವೇ ಬೇಕು.

“ಗಾಳಿ ಎದ್ರ ಲಗೂ ಹಳೇ ಸೀರಿ ಹೊದಿಸಿ ನಾಕೂ ಮೂಲಿಗೆ ಕಲ್ಲು ಇಡ್ರಿ. ಮರೀಬ್ಯಾಡ್ರಿ ಮತ್ತ,” ಎಂದಳು.

“ಇಲ್ಲೆಲ್ಲಿ ಅಂಥಾ ಗಾಳಿ ಬರ್ತೈತಿ? ನೀ ಹೋಗಿ ಬಾ,” ಎಂದೆ.

ಆಮೇಲೆ ಮಾಳಿಗೆಯ ಮೇಲೇ ಒಂದು ಮೂಲೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮೊಬೈಲ್ ತೆರೆದೆ. ಸಿಕ್ಕಿದ ಲೇಖನವೂ ಗಾಳಿಯದ್ದೇ. ಸುಂಟರಗಾಳಿ ಎಂದರೆ ಅಮೆರಿಕದ ನಡುವಿನ ಬಯಲು ಎಂದೇ ನಾನು ಪಾಠ ಹೇಳಿದ್ದು. ಆ ಬಯಲಿನ ಹೊರಗೂ ಅದು ಬೀಸುತ್ತದಂತೆ, ಯುರೋಪಿನಲ್ಲಿ, ಬಾಂಗ್ಲಾದೇಶದಲ್ಲಿ, ನಮ್ಮ ಪೂರ್ವದ ರಾಜ್ಯಗಳಲ್ಲಿ. ಅಪರೂಪ, ಆದರೆ ನಾವಂದುಕೊಂಡಷ್ಟು ಅಪರೂಪವಲ್ಲ. ನಾನು ರೋಮಾಂಚನಗೊಂಡು ಓದುತ್ತಿದ್ದೆ. ಕಾಲ ಬಳಿ ಧೂಳು ಗಿರಕಿ ಹೊಡೆಯತೊಡಗಿದ್ದು ಕಂಡಿತು. ಈ ಪುಟ ಮುಗಿಯಲಿ ಎಂದುಕೊಂಡೆ.

ಪುಟ ಮುಗಿಯಲಿಲ್ಲ. ತಾಡಪತ್ರಿ ಎದ್ದು ನಿಂತಿತು. ಮೆಣಸಿನಕಾಯಿಯೆಲ್ಲ ಕೆಂಪಗೆ ಸುತ್ತುತ್ತ ಮೇಲೇರಿ, ಪಕ್ಕದ ಮನೆ ಗಂಗಕ್ಕನ ಮಾಳಿಗೆಯ ಮೇಲೆ ಸುರಿದವು. ಅಲ್ಲಿ ಅವರ ಮೆಣಸಿನಕಾಯಿ ಒಣಗುತ್ತಿತ್ತು, ಕಡ್ಡಿ ತಳಿಯದ್ದು.

“ಬರ್ರಿ ಮಾಸ್ತರ್ರ, ನಿಮ್ಮೂ ಆರಿಸ್ಕೊಂಡು ಹೋಗ್ರಿ,” ಎಂದಳು ಗಂಗಕ್ಕ. ಉದ್ದ, ತೆಳು ಇದ್ದದ್ದು ಅವರದು, ಗಿಡ್ಡ ಇದ್ದದ್ದು ನಮ್ಮದು. ಇಷ್ಟೇ ಅಲ್ಲವೇ ಎಂದು ಕೂತೆ. ಆದರೆ ಮುರಿದ ಕಡ್ಡಿಯೂ ಗಿಡ್ಡವೇ. ಹುಟ್ಟಿದ್ದು ಬ್ಯಾಡಗಿಯಲ್ಲಿ ಎಂದು ಹೇಳಿಕೊಳ್ಳಲು ಆ ಹೊತ್ತು ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂದಾಜಿನ ಮೇಲೆ ಒಂದು ರಾಶಿ ತಂದು ಮೊದಲಿನಂತೆಯೇ ಹರವಿ, ಏನೂ ಆಗದವನಂತೆ ಕುರ್ಚಿಗೆ ಮರಳಿದೆ.

ಶಾಂತಾ ಬಂದವಳೇ ಮಾಳಿಗೆ ಹತ್ತಿದಳು. ಬಗ್ಗಲೂ ಇಲ್ಲ, ನಿಂತಲ್ಲೇ ನೋಡಿದಳು.

“ಇದರಾಗ ಅರ್ಧ ಕಡ್ಡಿ ಅದಾವಲ್ಲ! ಏನಾತ್ರಿ?”

ಒಪ್ಪಿಕೊಂಡೆ. ಒಪ್ಪಿಕೊಂಡು ಸುಮ್ಮನಿರಬೇಕಿತ್ತು. “ಖರೇ ಹೇಳ್ಬೇಕಂದ್ರ ಇದು ಸುಂಟರಗಾಳಿ ಅಲ್ಲ. ಸುಂಟರಗಾಳಿ ಮೋಡದಿಂದ ಕೆಳಗಿಳೀತೈತಿ. ಇದು ಕಾದ ನೆಲದಿಂದ ಮ್ಯಾಲೇಳೋ ಧೂಳಿನ ಸುಳಿ,” ಎಂದೆ.

“ಮ್ಯಾಲಿಂದ ಬಂದ್ರೇನು, ಕೆಳಗಿಂದ ಎದ್ರೇನು? ನನ್ನ ಮೆಣಸಿನಕಾಯಿ ಹೋದ್ವೋ ಇಲ್ಲೋ?” ಎಂದಳು. ಅವಳ ದನಿ ಒಡೆದಿತ್ತು. ಒಂದೊಂದೇ ಕಾಯಿ ಹಿಡಿದು ನೋಡಿ ಆರಿಸಿದ್ದಳಲ್ಲ.

ಮರುದಿನ ಗಂಗಕ್ಕನ ಮಾಳಿಗೆಯಲ್ಲಿ ಎರಡೂ ರಾಶಿ ಕೂಡಿಸಿ ಮೂವರೂ ಕೂತೆವು. ಅವರಿಬ್ಬರು ಮಾತಾಡುತ್ತಲೇ ಆರಿಸಿದರು. ನಾನು ಕನ್ನಡಕ ಹಾಕಿಕೊಂಡು ಸೀನಿದೆ. ಮೂರನೆಯ ಸಲ ನಾನು ತಪ್ಪು ರಾಶಿಗೆ ಹಾಕಿದ ಮೇಲೆ ಶಾಂತಾ, “ನೀವು ಏಳ್ರಿ, ಓದ್ಕೊಳ್ರಿ ಹೋಗ್ರಿ,” ಎಂದಳು.

ಉರಿಯುವ ಕಣ್ಣೊರೆಸಿಕೊಳ್ಳುತ್ತ, ಮುಗಿಸದೆ ಬಿಟ್ಟಿದ್ದ ಲೇಖನ ತೆರೆದೆ. ಉಳಿದದ್ದು ಒಂದೇ ಸಾಲು: ಎಲ್ಲಿದ್ದರೂ ಸರಿ, ಗಾಳಿ ಎದ್ದ ಕೂಡಲೇ ಹೊರಗಿನ ಹಗುರ ಸಾಮಾನುಗಳ ಮೇಲೆ ಭಾರ ಇಡಿ. ಅದನ್ನು ಶಾಂತಾಳಿಗೆ ಓದಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.