ಕತ್ತರಿ ಕಾಣದ ಜಡೆ

ಮನುಷ್ಯರಾಗಿ ಹುಟ್ಟಿದ ಮೇಲೆ ಜಂಬಕ್ಕೆ ಏನಾದರೂ ಒಂದು ಬೇಕೇ ಬೇಕು. ಕೆಲವರಿಗೆ ತೋಟ, ಕೆಲವರಿಗೆ ಮಕ್ಕಳ ಮಾರ್ಕ್ಸು, ಏನೂ ಸಿಗದವರಿಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ ಎನ್ನುವುದು. ನನಗೆ ಇದ್ದದ್ದು ಜಡೆ. ಅದೇನೋ ಚೆಂದದ ಜಡೆಯೆಂದು ತಿಳಿಯಬೇಡಿ. ಗುಂಗುರು ಕೂದಲು. ಎಣ್ಣೆ ಹಾಕಿ ಎಳೆದೆಳೆದು ಹೆಣೆದರೆ ಬಾವಿಯ ಹಗ್ಗದಂತೆ ಬೆನ್ನ ಮೇಲೆ ಬಿದ್ದಿರುತ್ತಿತ್ತು. ನಾನು ಎತ್ತ ತಿರುಗಿದರೂ ಅದು ತನ್ನ ಪಾಡಿಗೆ ನೇರವಾಗಿ ತೂಗುತ್ತಿತ್ತು. ನನ್ನ ಜಂಬವೆಲ್ಲ ಅದರ ಚರಿತ್ರೆಯದು. ವರ್ಷದ ಕೂಸಾಗಿದ್ದಾಗ ಮನೆದೇವರಿಗೆ ಮುಡಿ ಕೊಟ್ಟದ್ದು ಬಿಟ್ಟರೆ, ನಲವತ್ತೆಂಟನೆಯ ವಯಸ್ಸಿನವರೆಗೆ ಈ ತಲೆಗೆ ಕತ್ತರಿ ತಾಕಿರಲಿಲ್ಲ. ಮದುವೆಯ ದಿನ ನಮ್ಮಮ್ಮ ನನ್ನ ಕೈಯನ್ನು ಅತ್ತೆಯ ಕೈಯಲ್ಲಿಟ್ಟು ಹೇಳಿದ್ದೂ ಅದನ್ನೇ: "ನೋಡಿ ಬೀಗಿತ್ತಮ್ಮ, ಅಡುಗೆ ಅಷ್ಟಕ್ಕಷ್ಟೆ. ಕೂದ್ಲು ಮಾತ್ರ ಕತ್ತರಿ ಕಾಣದ್ದು. ಹಂಗೇ ಕಾಪಾಡ್ಕಳಿ." ಈ ಸಂಗತಿಯನ್ನು ನಾನು ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ, ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೆ.

ಇಂಥ ಜಡೆಯ ಮೇಲಿನ ನನ್ನ ನಂಬಿಕೆ ಅಲ್ಲಾಡಿದ್ದು ಸಸ್ಯಶಾಸ್ತ್ರದ ಸುಮಾ ಅವರಿಂದ. ತಿಪಟೂರಿನ ನಮ್ಮ ಕಾಲೇಜಿನಲ್ಲಿ ಅವರು ಪಾಠ ಮಾಡುತ್ತಾರೆ, ನಾನು ಪುಸ್ತಕ ಕಾಯುತ್ತೇನೆ. ರಜೆ ಮುಗಿಸಿಕೊಂಡು ಬಂದ ದಿನ ಅವರು ಲೈಬ್ರರಿಯ ಬಾಗಿಲಲ್ಲಿ ನಿಂತು ಯಾರನ್ನೋ ಕರೆಯಲು ಹಿಂತಿರುಗಿದರು. ಮೊದಲು ಅವರು ತಿರುಗಿದರು, ಆಮೇಲೆ ಅವರ ಕೂದಲು ತಿರುಗಿತು. ಒಂದು ಪದರ ಮುಂದೆ ಹೋಯಿತು, ಅದರ ಹಿಂದೆ ಇನ್ನೊಂದು, ಕೊನೆಗೆ ಮತ್ತೊಂದು ನಿಧಾನವಾಗಿ ಬಂದು ಭುಜದ ಮೇಲೆ ಕೂತಿತು. ಗಾಳಿ ಬಂದಾಗ ತೆಂಗಿನ ಗರಿಗಳು ಹೀಗೆ ಒಂದರ ಹಿಂದೆ ಒಂದು ಏಳುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಮನುಷ್ಯರ ತಲೆಯ ಮೇಲೆ ನೋಡಿರಲಿಲ್ಲ. ಕೈಯಲ್ಲಿದ್ದ ರಿಜಿಸ್ಟರನ್ನು ಮರೆತು ಬಾಯಿ ಬಿಟ್ಟುಕೊಂಡು ನಿಂತೆ. "ಲೇಯರ್ ಕಟ್ ಕಣ್ರೀ ಸರೋಜಾ," ಎಂದರು. "ಉದ್ದ ಹಂಗೇ ಇರುತ್ತೆ, ಭಾರ ಮಾತ್ರ ಹೋಗುತ್ತೆ. ನಿಮ್ಮಂಥ ಗುಂಗುರು ಕೂದ್ಲಿಗೆ ಮಾಡ್ಸಿದ್ರೆ ನೋಡ್ಬೇಕು!" ಆ ಕೊನೆಯ ಮಾತನ್ನು ಅವರು ಆಡಬಾರದಿತ್ತು. ಅಂದಿನಿಂದ ಪುಸ್ತಕ ಕೇಳಿ ಬರುವ ಹೆಣ್ಣುಮಕ್ಕಳ ಮುಖ ಬಿಟ್ಟು ತಲೆ ನೋಡುವ ಚಾಳಿ ಹತ್ತಿತು. ಒಬ್ಬಳಿಗಂತೂ ಕೇಳಿದ ಪುಸ್ತಕದ ಬದಲು ನಿಘಂಟು ಕೊಟ್ಟು ಕಳಿಸಿದೆ.

ಆಸೆಯೇನೋ ಹುಟ್ಟಿತು, ಅಡ್ಡವಿದ್ದದ್ದು ಭಾನುವಾರ. ಭಾನುವಾರ ಬೆಳಿಗ್ಗೆ ನಮ್ಮ ತೋಟದ ಮನೆಯ ಹಿತ್ತಲ ಜಗಲಿಯ ಮೇಲೆ ಅತ್ತೆ ಗಂಗಮ್ಮ ಕೂರುತ್ತಾರೆ. ಕೆಳಗಿನ ಮೆಟ್ಟಿಲ ಮೇಲೆ ಅವರಿಗೆ ಬೆನ್ನು ಕೊಟ್ಟು ನಾನು ಕೂರುತ್ತೇನೆ. ನಮ್ಮದೇ ಕೊಬ್ಬರಿಯ ಎಣ್ಣೆಯನ್ನು ಬೆಚ್ಚಗೆ ಮಾಡಿಟ್ಟುಕೊಂಡು ಒಂದು ಗಂಟೆ ಹೊತ್ತು ನನ್ನ ತಲೆ ನೋಡುತ್ತಾರೆ. ಇಪ್ಪತ್ತಾರು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ಅತ್ತೆ ಮಾತಿನ ಹೆಂಗಸಲ್ಲ. ವಾರದ ಉಳಿದ ದಿನ "ಸಾರಿಗೆ ಉಪ್ಪು ಹಾಕಿದ್ಯಾ?", "ಹಸೀಗೆ ನೀರು ಕುಡ್ಸಿದ್ಯಾ?" ಎಂಬುದರ ಆಚೆಗೆ ನಮ್ಮ ಸಂಭಾಷಣೆ ಹೋದದ್ದು ಕಡಿಮೆ. ಆದರೆ ಆ ಗಂಟೆಯಲ್ಲಿ ಅವರ ಬೆರಳು ತಲೆಯ ಬುಡದಲ್ಲಿ ಓಡಾಡುವಾಗ, ಈ ಮುದುಕಿಗೆ ನನ್ನ ಮೇಲೆ ಪ್ರೀತಿಯಿದೆ ಎಂದು ನನಗೆ ಖಚಿತವಾಗಿ ತಿಳಿಯುತ್ತದೆ. ಆ ಸುಖಕ್ಕೆ ಹತ್ತು ನಿಮಿಷದಲ್ಲಿ ತೂಕಡಿಸಲು ಶುರುಮಾಡುತ್ತೇನೆ. ಕಾಪಾಡಿ ಎಂದು ಕೊಟ್ಟಿದ್ದ ಕೂದಲನ್ನು ನಾನೇ ಕತ್ತರಿಸಿಕೊಂಡು ಬಂದರೆ ಅತ್ತೆ ಬೈಯುತ್ತಾರೆ, ಬೈಯಲಿ. ನೊಂದುಕೊಂಡು, ಇನ್ನು ನಿನ್ನ ತಲೆ ನೀನೇ ನೋಡಿಕೋ ಎಂದುಬಿಟ್ಟರೆ? ಆ ಒಂದು ಗಂಟೆ ಹೋದರೆ ನಮ್ಮಿಬ್ಬರ ನಡುವೆ ಉಳಿಯುವುದು ಉಪ್ಪು ಮತ್ತು ಹಸು ಮಾತ್ರ.

ಹದಿನೈದು ದಿನ ತಡೆದುಕೊಂಡೆ. ಒಂದು ಗುರುವಾರ ಕಾಲೇಜು ಮುಗಿಸಿ ಸುಮಾ ಹೇಳಿದ ಪಾರ್ಲರಿಗೆ ಹೋಗಿಯೇಬಿಟ್ಟೆ. ಪಾರ್ಲರಿನ ಮಮತಾ ಅಮ್ಮಸಂದ್ರದ ಕಡೆಯ ಹುಡುಗಿ, ಮೂವತ್ತರ ಆಸುಪಾಸು. ಕುರ್ಚಿಯಲ್ಲಿ ಕೂತ ಕೂಡಲೇ ಕತ್ತರಿ ಎತ್ತುತ್ತಾಳೆಂದು ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಎತ್ತಲಿಲ್ಲ. ಎರಡು ಸಲ ಶಾಂಪೂ ಹಾಕಿ ತೊಳೆದಳು. ಮೂರನೆಯ ಸಲ ಹಾಕುವಾಗ "ಮೇಡಂ, ಇದು ಕೂದ್ಲಾ, ಗಾಣನಾ?" ಎಂದು ಕೇಳಿದಳು. ಆಮೇಲೆ ಬಾಚದೆ ಹಾಗೇ ಒಣಗಲು ಬಿಟ್ಟು, "ಸ್ವಲ್ಪ ಓಡಾಡಿ ಮೇಡಂ" ಎಂದಳು. ಬಾಗಿಲಿಂದ ಕನ್ನಡಿಯವರೆಗೆ, ಕನ್ನಡಿಯಿಂದ ಬಾಗಿಲವರೆಗೆ ನಡೆದೆ. ಹೆಣ್ಣು ನೋಡಲು ಬಂದವರ ಮುಂದೆ ಕೂಡ ಇಷ್ಟು ಸಲ ನಡೆದಿರಲಿಲ್ಲ. ಅವಳು ಕೈಕಟ್ಟಿ ನಿಂತು ಕೂದಲು ಹೇಗೆ ಬೀಳುತ್ತದೆಂದು ನೋಡುತ್ತಿದ್ದಳು. "ಅದಕ್ಕೆ ಎತ್ಲಾಗೆ ಹೋಗೋ ಆಸೆ ಐತೋ ಮೊದ್ಲು ನೋಡ್ಕೋಬೇಕು ಮೇಡಂ. ಆಮೇಲೆ ಆ ಕಡೀಗೆ ದಾರಿ ಬಿಟ್ಕೊಟ್ರೆ ಆಯ್ತು. ನಾವ್ ಹೇಳ್ದಂಗೆ ಅದು ಯಾವತ್ತೂ ಕೇಳಲ್ಲ." ಇಷ್ಟು ತಿಳಿವಳಿಕೆಯ ಮಾತನ್ನು ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ.

ಮತ್ತೆ ಕೂರಿಸಿ, ಮೇಲಿನ ಕೂದಲನ್ನು ಎತ್ತಿ ಕ್ಲಿಪ್ಪು ಹಾಕಿದವಳು ಇದ್ದಕ್ಕಿದ್ದಂತೆ ನಿಂತಳು. "ಮೊದ್ಲು ಯಾರತ್ರ ಕತ್ತರಿಸ್ಕತಿದ್ರಿ ಮೇಡಂ?" ಯಾರ ಹತ್ತಿರವೂ ಇಲ್ಲ ಎಂದು ಹೇಳಿ, ಮನೆದೇವರ ಮುಡಿಯಿಂದ ಶುರುಮಾಡಿ ಪೂರ್ತಿ ಚರಿತ್ರೆ ಒಪ್ಪಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, "ಒಳಗಡೆಯೆಲ್ಲ ಲೇಯರ್ ಐತಲ್ಲ ಮೇಡಂ" ಎಂದಳು. ಕೈಗನ್ನಡಿ ಹಿಡಿದು ತೋರಿಸಿದಳು. ನಿಜ. ಕತ್ತಿನ ಮೇಲಿಂದ ಕಿವಿಯ ಹಿಂದಿನವರೆಗೆ, ಮೇಲಿನ ಕೂದಲಿನ ಮರೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಉದುರಿ ಮತ್ತೆ ಬೆಳೆದಿರಬೇಕು ಎಂದೆ. "ಉದುರೋ ಕೂದ್ಲು ಹಿಂಗೆ ಅಳತೆ ಇಟ್ಕೊಂಡು ಉದುರಲ್ಲ. ಇದು ಯಾರ್ದೋ ಕೈ. ಬಾಳ ಒಳ್ಳೆ ಕೈ. ನಾನು ಮೇಲ್ಗಡೆದು ಅಷ್ಟೇ ಮಾಡ್ತೀನಿ ಬುಡಿ, ಒಳಗಿಂದು ಮುಟ್ಟಲ್ಲ." ನಿಮಗೆ ಮೊದಲೇ ಒಂದು ಮದುವೆಯಾಗಿದೆಯಲ್ಲ ಎಂದು ಯಾರಾದರೂ ಅಂದಿದ್ದರೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟು ಬಂತು. ಆದರೆ ಅವಳ ಕೈಯಲ್ಲಿ ಕತ್ತರಿ ಇತ್ತು, ಸುಮ್ಮನಿದ್ದೆ.

ಮುಗಿದ ಮೇಲೆ ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿದಳು. ಏನು ಹೇಳಲಿ! ಕಿವಿಯ ಪಕ್ಕ ಒಂದು ಸುರುಳಿ ತಾನಾಗಿಯೇ ಬಂದು ಕೂತಿತ್ತು. ಅದರ ಕೆಳಗೆ ಇನ್ನೊಂದು ಅದಕ್ಕೆ ಜಾಗ ಬಿಟ್ಟು ನಿಂತಿತ್ತು. ನಾನು ತಲೆ ಅಲ್ಲಾಡಿಸಿದೆ, ಅದೂ ಅಲ್ಲಾಡಿತು. ನಾನು ನಿಲ್ಲಿಸಿದೆ. ಅದು ತನ್ನಿಷ್ಟದಂತೆ ಇನ್ನೂ ಒಂದು ಗಳಿಗೆ ಅಲ್ಲಾಡಿ ಆಮೇಲೆ ನಿಂತಿತು. ಇಷ್ಟು ವರ್ಷ ನನ್ನ ಜೊತೆಗೇ ಉಂಡು ಮಲಗಿ ಎದ್ದ ಈ ಜೀವವನ್ನು ನಾನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಆ ಬೆರಗು ಬಸ್ ಸ್ಟ್ಯಾಂಡಿನವರೆಗೆ ಉಳಿಯಿತು. ಬಸ್ಸು ಕಂಡೊಡನೆ ಅತ್ತೆಯ ನೆನಪಾಗಿ, ನಿಂತಲ್ಲೇ ಕೂದಲನ್ನೆಲ್ಲ ಬಿಗಿದು ಜಡೆ ಹೆಣೆದೆ. ಪದರ ಪದರವಾಗಿ ಕತ್ತರಿಸಿದ ಕೂದಲು ಜಡೆಯಲ್ಲಿ ನಿಲ್ಲುತ್ತದೆಯೇ? ಅಲ್ಲಲ್ಲಿ ತುದಿಗಳು ಹೊರಗೆ ಇಣುಕಿ ಗುಟ್ಟು ರಟ್ಟು ಮಾಡುತ್ತಿದ್ದವು. ಶೀತವೆಂದು ಹೇಳಿ ಎರಡು ದಿನ ತಲೆಯ ಮೇಲೆ ಸೆರಗು ಹೊದ್ದು ಓಡಾಡಿದೆ. ಯಜಮಾನರು ಊಟದ ಮಧ್ಯೆ ನನ್ನನ್ನು ದಿಟ್ಟಿಸಿ, "ಕನ್ನಡಕ ಬದಲಾಯಿಸಿದ್ಯಾ?" ಎಂದರು. ಹೌದು ಎಂದೆ. "ಚೆನ್ನಾಗೈತೆ" ಎಂದು ಸಾರು ಹಾಕಿಸಿಕೊಂಡರು.

ಭಾನುವಾರ ಬಂದೇ ಬಂತು. ಶೀತದ ಮಾತೆತ್ತಿದೆ. "ಎಣ್ಣೆ ಬಿಸಿ ಮಾಡೀನಿ, ಬಾ ಕೂತ್ಕೋ" ಎಂದರು ಅತ್ತೆ. ಕೂತೆ. ಅವರ ಬೆರಳು ಜಡೆಯ ತುದಿಯಿಂದ ಬಿಚ್ಚುತ್ತಾ ಮೇಲೆ ಬಂತು, ಅರ್ಧದಲ್ಲಿ ನಿಂತಿತು. ನನ್ನ ಕಣ್ಣು ತುಂಬಿತು. ಒಂದೇ ಉಸಿರಿಗೆ ಗುರುವಾರದ ಕಥೆಯೆಲ್ಲ ಹೇಳಿ, "ತಪ್ಪಾಯ್ತು ಅತ್ತೆ, ತಲೆ ನೋಡೋದು ಮಾತ್ರ ನಿಲ್ಲಿಸ್ಬೇಡಿ" ಎಂದೆ. ಅತ್ತೆ ಮೇಲಿನ ಕೂದಲನ್ನು ಎತ್ತಿ ಕೆಳಗಿನದನ್ನು ಸವರಿ ನೋಡುತ್ತಿದ್ದರು.

"ಮೇಲ್ಗಡೆದು ಚೆಂದಾಗಿ ಮಾಡವ್ಳೆ," ಎಂದರು ಕೊನೆಗೆ. "ನಂದು ಮುಟ್ಟಿಲ್ಲ. ತಿಳಿದೋಳು ಕಣೇ."

"ನಿಮ್ದಾ?" ಎಂದು ತಿರುಗಿದೆ.

ಅತ್ತೆ ಎಲೆ ಅಡಿಕೆಯ ಸಂಚಿಯೊಳಗಿಂದ ಒಂದು ಪುಟ್ಟ ಕತ್ತರಿ ತೆಗೆದು ಮಡಿಲಲ್ಲಿಟ್ಟರು. "ನೀನ್ ಬಂದ ಹೊಸ್ತರಾಗೆ ವಾರವೆಲ್ಲ ತಲೆನೋವು ಅಂತ ಮಕಾಡೆ ಮಲಗ್ತಿದ್ದೆ. ಅಷ್ಟೊಂದು ಕೂದ್ಲು, ನೀರು ಹಾಕ್ಕಂಡ್ರೆ ಮಾರನೆ ದಿನಕ್ಕೂ ಬುಡ ಆರ್ತಿರ್ಲಿಲ್ಲ. ನಿಮ್ಮವ್ವ ನೋಡುದ್ರೆ ಕತ್ತರಿ ಕಾಣದ್ದು ಅಂತ ಕೈಗಿಟ್ಟು ಹೋಗವ್ಳೆ. ಏನ್ ಮಾಡಾನ ಹೇಳು? ನೀನ್ ತೂಕಡಿಸ್ವಾಗ ಒಳಗಿಂದ ಒಂದೊಂದೇ ಎಳೆ ತೆಗುದ್ಬುಡ್ತಿದ್ದೆ. ಮ್ಯಾಲಕ್ಕೆ ಕಾಣಬಾರ್ದು, ನಿಂಗೂ ಭಾರ ಆಗ್ಬಾರ್ದು."

ತಲೆನೋವು ಹೋದದ್ದು ಯೋಗಾಸನದಿಂದ ಎಂದು ನಾನು ನಂಬಿದ್ದೆ. ಅದರ ಬಗ್ಗೆ ಕಾಲೇಜಿನ ಹೆಣ್ಣುಮಕ್ಕಳಿಗೆ ಭಾಷಣ ಕೂಡ ಬಿಗಿದಿದ್ದೆ. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದೆ. ಅತ್ತೆಯ ತವರು ಚಿಕ್ಕನಾಯಕನಹಳ್ಳಿಯ ಕಡೆ, ಗುಡ್ಡದ ಬುಡದ ಊರು. ಅಲ್ಲಿ ಕುರಿಮಂದೆ ಇತ್ತು, ಅಪ್ಪನ ಜೊತೆ ಕೂತು ಉಣ್ಣೆ ಕತ್ತರಿಸುತ್ತಿದ್ದರಂತೆ. "ಎಲ್ಲ ಒಂದೇ ಸಮಕ್ಕೆ ಬೋಳುಸ್ಬಾರ್ದು ಕಣೇ, ಚಳಿಯಾಯ್ತದೆ. ಉಣ್ಣೆ ಎತ್ಲಾಗೆ ಹೋಯ್ತದೋ ನೋಡ್ಕಂಡು ಅತ್ಲಾಗೇ ಕತ್ತರಿ ಆಡುಸ್ಬೇಕು." ಮಮತಾ ಹೇಳಿದ್ದೂ ಇದೇ ತಾನೇ! ಇಪ್ಪತ್ತಾರು ವರ್ಷ ಈ ಹೆಂಗಸು ಯಾರೂ ನೋಡದ, ನೋಡಬಾರದ ಒಂದು ಕೆಲಸವನ್ನು ವಾರ ತಪ್ಪದೆ ಮಾಡಿದ್ದರು. ಒಬ್ಬರ ಬಾಯಿಂದಲೂ ಭೇಷ್ ಎನಿಸಿಕೊಂಡಿರಲಿಲ್ಲ. ಅವರ ಕೈಯನ್ನು ಎಣ್ಣೆಯ ಸಮೇತ ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, ಕತ್ತರಿಸಿದ ಕೂದಲೆಲ್ಲ ಏನಾಯಿತೆಂದು ಕೇಳಿದೆ. "ಕೂದ್ಲಿಗೆ ಪಾತ್ರೆ ಕೊಡೋ ಯಮ್ಮ ಬತ್ತಾಳಲ್ಲ, ಅವ್ಳಿಗೆ ಹಾಕ್ತಿದ್ದೆ. ನೀನ್ ಕಾಫಿ ಕುಡಿಯೋ ಲೋಟ ಎಲ್ಲಿಂದ ಬಂತು ಅಂದ್ಕಂಡಿದ್ದೆ?" ಎಂದರು.

ಸೋಮವಾರ ಇದನ್ನು ಮಮತಾಗೆ ಹೇಳಿದ್ದೇ ತಡ, ಆ ಹುಡುಗಿ ನಿಂತ ಕಾಲಲ್ಲಿ ಬರಲು ಸಿದ್ಧಳಾದಳು. ಮುಂದಿನ ಭಾನುವಾರ ಪಾರ್ಲರಿಗೆ ಬೀಗ ಹಾಕಿ, ಬೆಳಗಿನ ಬಸ್ಸಿಗೆ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದಳು. ಬಂದವಳೇ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಎಂದಿನಂತೆ ಮೆಟ್ಟಿಲ ಮೇಲೆ ಕೂತೆ, ಅವರಿಬ್ಬರೂ ನನ್ನ ಹಿಂದೆ ಜಗಲಿಯ ಮೇಲೆ.

"ಅಜ್ಜಿ, ಈ ಕಿವಿ ಹಿಂದಿಂದು ಹೆಂಗೆ ತಿರುಗಿಸಿದ್ರಿ? ನಂಗೆ ಬರ್ತಾನೇ ಇಲ್ಲ."

"ಅಲ್ಲೊಂದು ಸುಳಿ ಐತೆ ಕಣ್ ಮಗಾ. ಸುಳೀನ ಕೆಣಕ್ಬ್ಯಾಡ, ಸುತ್ತ ಬುಟ್ಕಂಡು ಬಾ. ಎಲ್ಲಿ, ನಿನ್ ಕತ್ತರಿ ಕೊಡು ಇಲ್ಲಿ. ಅಬ್ಬಾ, ಎಷ್ಟು ಹಗುರ ಐತೆ!"

ಮಾತಿನ ಹೆಂಗಸಲ್ಲ ಎಂದು ನಾನು ಹೇಳಿದ ಅತ್ತೆ ಎರಡು ಗಂಟೆ ಬಿಡದೆ ಮಾತಾಡಿದರು. ಎಣ್ಣೆ ಬುಡಕ್ಕೆ ಮಾತ್ರ, ತುದಿಗೆ ಬೇಡ ಎಂದು ಇಬ್ಬರೂ ಒಪ್ಪಂದಕ್ಕೆ ಬಂದರು. ಬಿಳಿ ಕೂದಲನ್ನು ಹಾಗೇ ಬಿಡುವುದು, ಯುಗಾದಿಯವರೆಗೆ ಉದ್ದವನ್ನು ಮುಟ್ಟದಿರುವುದು, ಕತ್ತಿನ ಹತ್ತಿರ ಇನ್ನಷ್ಟು ಹಗುರ ಮಾಡುವುದು, ಎಲ್ಲ ತೀರ್ಮಾನವಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನಗೂ ಒಂದು ಅಭಿಪ್ರಾಯವಿತ್ತು. ಧೈರ್ಯ ಮಾಡಿ, "ಮುಂದುಗಡೆ ಹಣೆ ಮೇಲೆ ಇನ್ನೊಂಚೂರು ಗಿಡ್ಡ ಮಾಡಿದ್ರೆ..." ಎಂದು ತಲೆಯೆತ್ತಿದೆ.

ಎರಡು ಕೈಗಳು ಒಟ್ಟಿಗೇ ಬಂದು ತಲೆಯನ್ನು ಕೆಳಕ್ಕೆ ಒತ್ತಿದವು. ಒಂದರಲ್ಲಿ ಎಣ್ಣೆ ಇತ್ತು, ಇನ್ನೊಂದರಲ್ಲಿ ಬಾಚಣಿಗೆ.

"ನಿಂಗ್ಯಾಕೆ ಅದೆಲ್ಲ? ನಾವ್ ಮಾತಾಡ್ತಿಲ್ವಾ?" ಎಂದರು ಅತ್ತೆ. "ಸುಮ್ಕೆ ಬಗ್ಗುಸ್ಕಂಡು ಕೂತ್ಕೋ."

ಬಗ್ಗಿಸಿಕೊಂಡು ಕೂತೆ.