ತಾನಾಗಿ ತೂಗುವ ತೊಟ್ಟಿಲು

ಕ್ರಿಪ್ಟೋ ಮಾರುಕಟ್ಟೆಯ ನಾಡಿ ಹಿಡಿಯಲು ಅರ್ಥಶಾಸ್ತ್ರ ಓದಿದವರು ಬೇಕಿಲ್ಲ, ಲಿಫ್ಟ್ ರಿಪೇರಿ ಮಾಡುವ ನಾನೊಬ್ಬ ಸಾಕು! ಈ ಮಹಾಸತ್ಯ ನನಗೆ ಹೊಳೆದದ್ದು ಸ್ನಾನದ ಮನೆಯಲ್ಲಿ. ಮೈಮೇಲಿನ ಸೋಪು ತೊಳೆಯುವಷ್ಟೂ ತಾಳ್ಮೆಯಿಲ್ಲದೆ, ಟವೆಲ್ ಸುತ್ತಿಕೊಂಡು ಹೊರಗೋಡಿ ಬಂದು ಹೆಂಡತಿಗೆ ಉಪದೇಶ ಶುರುಮಾಡಿದೆ.

"ನೋಡೇ, ಬೆಲೆ ಏರುತ್ತೆ ಅಂತ ಜನ ಸಾಲ ಎತ್ತಿ ಬಾಜಿ ಕಟ್ಟಿರ್ತಾರೆ. ಇಳೀತು ಅನ್ಕೋ, ಇದ್ದ ದುಡ್ಡನ್ನೂ ಕಿತ್ಕೊಂಡು ಕತ್ತು ಹಿಡಿದು ಆಚೆಗೆ ದಬ್ತಾರೆ. ಅದೇ ಲಿಕ್ವಿಡೇಶನ್ನು! ಲಿಫ್ಟಲ್ಲಿ ಜನ ಜಾಸ್ತಿಯಾದ್ರೆ ಗಂಟೆ ಹೊಡ್ಕೊಳ್ಳುತ್ತಲ್ಲ, ಹಾಗೆ. ಒಂದಷ್ಟು ಜನ ಇಳಿದ್ರೆ ಲಿಫ್ಟ್ ಹಗುರ. ಆಮೇಲೇನಾಗುತ್ತೆ ಹೇಳು?"

"ಆಮೇಲೆ ನೆಲ ಒದ್ದೆಯಾಗುತ್ತೆ. ಒರೆಸಿ."

ಒರೆಸಿದೆ. ಆದರೆ ಸಿದ್ಧಾಂತ ಬಿಡಲಿಲ್ಲ. ಲಿಕ್ವಿಡೇಶನ್ ಆದಾಗಲೆಲ್ಲ ಗಂಟೆ ಬಾರಿಸುವ ಒಂದು ವೆಬ್‌ಸೈಟು ಸಿಕ್ಕಿತು. ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾರೋ ಮುಳುಗಿದರೆ ನನ್ನ ಮೊಬೈಲಿನಲ್ಲಿ ಟಣ್! ದೊಡ್ಡ ಕುಳ ಮುಳುಗಿದರೆ ಢಣ್! ಟಣ್‌ಗಳ ಸುರಿಮಳೆಯಾಗಿ ನಿಂತಿತೆಂದರೆ ಭಾರ ಇಳಿಯಿತು, ಇನ್ನು ಬೆಲೆ ಏರುವುದೇ ಸೈ. ಊಟಕ್ಕೆ ಕೂತರೂ ಟಣ್, ಹಲ್ಲುಜ್ಜಿದರೂ ಟಣ್. ನಾನಂತೂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಈ ನಡುವೆ ಅತ್ತೆಯವರು ಮೊಮ್ಮಗಳಿಗೆಂದು ದುಡ್ಡು ಕಳಿಸಿದ್ದರು. ಕರೆಂಟಿನಲ್ಲಿ ತಾನಾಗಿ ತೂಗುವ ತೊಟ್ಟಿಲು ತರಬೇಕಿತ್ತು. ನಮ್ಮ ಮಗಳಿಗೆ ಮನೆಯಲ್ಲಿ 'ಸೈರನ್' ಎಂದೇ ಹೆಸರು. ಅವಳು ಮಲಗಿದರೆ ತಾನೇ ನಮ್ಮವಳು ಮತ್ತೆ ಕೆಲಸಕ್ಕೆ ಹೋಗುವ ಯೋಚನೆ ಮಾಡುವುದು? ಹೆರಿಗೆಗೆ ಮುಂಚೆ ಕಟ್ಟಡಗಳ ನಕ್ಷೆ ಬರೆಯುತ್ತಿದ್ದವಳು ಈಗ ಡೈಪರ್ ಪೊಟ್ಟಣದ ಮೇಲೂ ಗೆರೆ ಎಳೆಯುತ್ತಾ ಕೂರುತ್ತಿದ್ದಳು. ಆ ದುಡ್ಡೋ, ನನ್ನ ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು. ನನ್ನ ಕೈ ತುರಿಸಿತು. ಒಂದು ಬೆಳಿಗ್ಗೆ ಟಣ್‌ಗಳ ಸುರಿಮಳೆ ನಿಂತದ್ದೇ ತಡ, ಅಷ್ಟನ್ನೂ ಇಟ್ಟು, ಮೇಲಿಷ್ಟು ಸಾಲ ಸೇರಿಸಿ, ಬೆಲೆ ಏರುತ್ತದೆಂದು ಬಾಜಿ ಕಟ್ಟಿಬಿಟ್ಟೆ. ಒಂದು ತೊಟ್ಟಿಲಿನ ದುಡ್ಡಿಗೆ ಎರಡು!

"ತೊಟ್ಟಿಲು ಎಲ್ಲಿಗೆ ಬಂತ್ರೀ?"

"ದಾರೀಲಿದೆ ಕಣೇ."

ಅಷ್ಟರಲ್ಲಿ ಮನೆಯಲ್ಲೊಂದು ಪವಾಡ ನಡೆಯಿತು. ಟಣ್ ಸದ್ದು ಕೇಳಿದರೆ ಸೈರನ್ ಬಾಯಿ ಮುಚ್ಚುತ್ತಿದ್ದಳು! ನಾಲ್ಕು ಟಣ್ ಆಗುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದಳು. ರೆಕಾರ್ಡ್ ಮಾಡಿ ಹಾಕಿದರೆ ಮಾತ್ರ ಕಿರುಚುತ್ತಿದ್ದಳು. ಅವಳಿಗೆ ಅಸಲಿ ನಷ್ಟವೇ ಬೇಕು! ನಾನು ಬೆಲೆ ಏರಲಿ ಎನ್ನುವವನು, ಮಗಳು ಬೀಳಲಿ ಎನ್ನುವವಳು. ಎತ್ತು ಏರಿಗೆ, ಕೋಣ ನೀರಿಗೆ.

ಅಂತೂ ನಮ್ಮವಳಿಗೆ ಇಂಟರ್‌ವ್ಯೂ ಬಂತು, ಮನೆಯಲ್ಲೇ ಕಂಪ್ಯೂಟರ್ ಮುಂದೆ. ನಾನು ರಜೆ ಹಾಕಿದೆ.

"ರೀ, ಇದೊಂದು ಅವಕಾಶ ಕೈ ತಪ್ಪಿದ್ರೆ ಮತ್ತೆ ಯಾರೂ ಕರೆಯೋಲ್ಲ. ಇವಳ ಒಂದು ಚೂರು ಸದ್ದೂ ಒಳಗೆ ಬರಬಾರದು," ಎಂದಳು.

"ನಾನಿಲ್ವಾ? ನೀನು ನೆಮ್ಮದಿಯಾಗಿ ಹೋಗು," ಎಂದು ಎದೆ ತಟ್ಟಿಕೊಂಡೆ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಡುಮನೆಯಲ್ಲಿ ನಾನು, ಮಗಳು, ಮೊಬೈಲು. ಮಾರುಕಟ್ಟೆ ತೆಪ್ಪಗಿತ್ತು. ಒಂದು ಟಣ್ ಇಲ್ಲ! ಮಗಳ ತುಟಿ ಸೊಟ್ಟಗಾಗತೊಡಗಿತು. ಎತ್ತಿ ಕುಣಿಸಿದೆ, ಕೋತಿಯಾದೆ, ಬಾಯಲ್ಲೇ ಟಣ್ ಎಂದೆ. ಅವಳು ಜೋರಾಗಿ ಉಸಿರೆಳೆದುಕೊಂಡಳು. ನಾನು ಕಣ್ಣು ಮುಚ್ಚಿ ಬೇಡಿಕೊಂಡೆ: ದೇವರೇ, ಬೆಲೆ ಸ್ವಲ್ಪ ಇಳಿಸು, ಬೇರೆಯವರು ಮಾತ್ರ ಮುಳುಗುವಷ್ಟು!

ದೇವರು ಧಾರಾಳಿ. ಟಣ್! ಟಣ್ ಟಣ್! ಢಣ್! ಮಗಳ ರೆಪ್ಪೆ ಭಾರವಾಯಿತು. ಭಾರ ಇಳಿಯುತ್ತಿದೆ, ಇನ್ನೇನು ಬೆಲೆ ಏರುತ್ತದೆ ಎಂದುಕೊಂಡೆ. ಏರಲಿಲ್ಲ. ಜನ ಇಳಿದಷ್ಟೂ ಲಿಫ್ಟು ಕೆಳಗೇ ಹೋಗುತ್ತಿದ್ದರೆ ಹಗ್ಗ ಕಡಿದಿದೆ ಎಂದರ್ಥ. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಅದು ಹೊಳೆದದ್ದು ಆಗ!

ಬಾಜಿ ಬಿಡಿಸಿಕೊಂಡರೆ ಅರ್ಧ ತೊಟ್ಟಿಲಾದರೂ ಉಳಿಯುತ್ತದೆಂದು ಗಂಟೆಯ ಪುಟ ಮುಚ್ಚಿ ಖಾತೆ ತೆರೆಯಲು ಹೋದೆ. ಸದ್ದು ನಿಂತಿತು. ಮಗಳು ಒಂದು ಕಣ್ಣು ತೆರೆದು, ಬಾಯಿ ತೆರೆದಳು. ಒಳಗಿನಿಂದ ಹೆಂಡತಿಯ ಧ್ವನಿ ಕೇಳುತ್ತಿತ್ತು. ಎಷ್ಟೋ ತಿಂಗಳಿಂದ ಕೇಳದ ಖುಷಿ ಅದರಲ್ಲಿತ್ತು, ಮೆಟ್ಟಿಲಿನ ಅಗಲ, ಕಿಟಕಿಯ ಬೆಳಕು ಎಂದು ಏನೇನೋ ವಿವರಿಸುತ್ತಿದ್ದಳು. ಅತ್ತ ದರಿ, ಇತ್ತ ಪುಲಿ! ಹಾಳಾಗಿ ಹೋಗಲಿ ಎಂದು ಗಂಟೆಯ ಪುಟವನ್ನೇ ಮತ್ತೆ ತೆರೆದೆ.

ಟಣ್ ಟಣ್ ಢಣ್ ಢಣ್! ಅವುಗಳ ಕೊನೆಗೆ ಒಂದು ಟಿಣ್. ಅದು ನಾನು. ನನ್ನ ಸರ್ವಸ್ವ ಮುಳುಗಿದ ಸದ್ದು ಚಮಚ ಬಿದ್ದಷ್ಟೂ ಇರಲಿಲ್ಲ. ಮಗಳು ಮಾತ್ರ ನಿದ್ದೆಯಲ್ಲೇ ನಕ್ಕಳು.

ಬಾಗಿಲು ತೆರೆಯಿತು. "ಕೆಲಸ ಸಿಕ್ತು ಕಣ್ರೀ! ಅಬ್ಬಾ, ಎಷ್ಟು ಚೆನ್ನಾಗಿ ಮಲಗಿಸಿದ್ದೀರ! ಕೊನೇಲಿ ಏನೋ ಟಿಣ್ ಅಂತಲ್ಲ, ಏನದು?"

"ತೊಟ್ಟಿಲು," ಎಂದೆ.

ಎಲ್ಲ ಬಾಯಿ ಬಿಟ್ಟೆ. ಬಾಜಿ, ಸಾಲ, ಹಗ್ಗ, ಕೊನೆಗೆ ನನ್ನ ತ್ಯಾಗ. ತ್ಯಾಗದ ಭಾಗವನ್ನು ಎರಡು ಸಲ ಹೇಳಿದೆ. ಅವಳು ನನ್ನನ್ನೇ ಅಡಿಯಿಂದ ಮುಡಿಯವರೆಗೆ ಅಳತೆ ತೆಗೆಯುವಂತೆ ನೋಡಿದಳು. ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅತ್ತೆ!

"ತೊಟ್ಟಿಲು ಬಂತೇನೇ?"

"ಬಂತಮ್ಮ, ಇವತ್ತೇ ಬಂತು," ಎಂದಳು ನನ್ನಿಂದ ಕಣ್ಣು ತೆಗೆಯದೆ. "ಹಳೇ ಮಾಡೆಲ್ಲು. ತಲೆ ಭಾಗ ಪೂರ್ತಿ ಖಾಲಿ. ಆದ್ರೂ ಪರವಾಗಿಲ್ಲ, ಕರೆಂಟ್ ಬೇಡ, ಎರಡು ಹೊತ್ತು ಊಟ ಹಾಕಿದ್ರೆ ರಾತ್ರಿಯೆಲ್ಲ ತಾನಾಗೇ ತೂಗುತ್ತೆ."